ಸಸ್ಯಸಾರದ ಗುಳಿಗೆಗಳು, ಚಯಾಪಚಯ ಮತ್ತು ಮೈಯ ಕೊಬ್ಬು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಔಷಧ ಅಂಗಡಿಗಳಲ್ಲಿ, ಧಾರವಾಡದ ಜಿಮ್‌ಗಳಲ್ಲಿ ಮತ್ತು ಎಲ್ಲರ ಮೊಬೈಲ್‌ ಜಾಹೀರಾತುಗಳಲ್ಲಿ ಇಂದು ಗ್ರೀನ್ ಟೀ ಸಾರ, ಗಾರ್ಸಿನಿಯಾ, ಬರ್ಬೆರಿನ್, ಕರ್ಕ್ಯುಮಿನ್ ಎಂಬ ಹೆಸರಿನ ಡಬ್ಬಿಗಳು ಕಾಣುತ್ತವೆ. ಅವುಗಳನ್ನು ಕೊಳ್ಳುವ ಮುನ್ನವೋ, ಕೊಂಡು ನುಂಗಲು ಆರಂಭಿಸಿದ ಮೇಲೋ ನಮ್ಮ ಭಾಗದ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ಈಗಾಗಲೇ ಯಾವುದಾದರೂ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ತಮ್ಮ ವೈದ್ಯರನ್ನೇ ಕೇಳಬೇಕು.

ಚಯಾಪಚಯ ಎಂದರೇನು? ಅದಕ್ಕೂ ಮೈಯ ಕೊಬ್ಬಿಗೂ ಏನು ಸಂಬಂಧ?

ಉಂಡ ಆಹಾರವನ್ನು ಒಡೆದು ಶಕ್ತಿ ಪಡೆಯುವ, ಆ ಶಕ್ತಿಯಿಂದ ಅಂಗಾಂಗಗಳನ್ನು ಕಟ್ಟುವ ಮತ್ತು ಹೆಚ್ಚಾದದ್ದನ್ನು ಕೂಡಿಡುವ ಎಲ್ಲ ರಾಸಾಯನಿಕ ಕ್ರಿಯೆಗಳಿಗೆ ಒಟ್ಟಾಗಿ ಚಯಾಪಚಯ ಎನ್ನುತ್ತಾರೆ. ಕುಳಿತು ಕೆಲಸ ಮಾಡುವ ಒಬ್ಬ ವ್ಯಕ್ತಿ ದಿನಕ್ಕೆ ವ್ಯಯಿಸುವ ಶಕ್ತಿಯಲ್ಲಿ ಸುಮಾರು ಶೇ 60ರಿಂದ 70ರಷ್ಟು ಭಾಗ ಉಸಿರಾಟ, ಹೃದಯದ ಬಡಿತ, ಮೆದುಳು, ಯಕೃತ್ತು ಮುಂತಾದವುಗಳನ್ನು ನಡೆಸುವುದಕ್ಕೇ ಹೋಗುತ್ತದೆ. ಉಂಡದ್ದನ್ನು ಅರಗಿಸುವುದಕ್ಕೆ ಸುಮಾರು ಶೇ 10ರಷ್ಟು ಬೇಕಾಗುತ್ತದೆ. ಓಡಾಟ ಮತ್ತು ದುಡಿಮೆಗೆ ಉಳಿದದ್ದು. ಉಂಡದ್ದು ವ್ಯಯಕ್ಕಿಂತ ಹೆಚ್ಚಾದಾಗ ಆ ಹೆಚ್ಚುವರಿ ಕೊಬ್ಬಾಗಿ ಶೇಖರವಾಗುತ್ತದೆ. ಒಂದು ಕಿಲೋ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕಿಲೋ ಕ್ಯಾಲೊರಿ ಶಕ್ತಿ ಅಡಗಿರುತ್ತದೆ. ಆದ್ದರಿಂದ ತಿಂಗಳಿಗೆ ಒಂದು ಕಿಲೋ ಕೊಬ್ಬು ಇಳಿಯಬೇಕಾದರೆ ದಿನವೂ ಸುಮಾರು 250 ಕಿಲೋ ಕ್ಯಾಲೊರಿಯ ಕೊರತೆ ಬೀಳಬೇಕು. ಯಾವ ಗುಳಿಗೆಯ ಬಗ್ಗೆ ಯಾರೇ ಏನೇ ಹೇಳಿದರೂ ಮೊದಲು ಈ 250ರ ಲೆಕ್ಕದ ಮುಂದೆ ಇಟ್ಟು ನೋಡಿ.

ಸಸ್ಯದ ಅಂಶಗಳು ಕೊಬ್ಬಿನ ಮೇಲೆ ಕೆಲಸ ಮಾಡುತ್ತವೆ ಎಂಬುದು ನಿಜವೋ, ಬರೀ ಜಾಹೀರಾತೋ?

ಕೆಲಸ ಮಾಡುತ್ತವೆ ಎಂಬುದು ನಿಜ. ಎಷ್ಟು ಮಾಡುತ್ತವೆ ಎಂಬುದರಲ್ಲಿ ಜಾಹೀರಾತು ಸೇರಿಕೊಳ್ಳುತ್ತದೆ. ಕೆಫೀನ್ ಮತ್ತು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನರಮಂಡಲವನ್ನು ಪ್ರಚೋದಿಸಿ ದೇಹದ ಶಾಖೋತ್ಪತ್ತಿಯನ್ನು ತುಸು ಹೆಚ್ಚಿಸುತ್ತವೆ. ಗಾರ್ಸಿನಿಯಾದ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಸಕ್ಕರೆಯ ಅಂಶದಿಂದ ಹೊಸ ಕೊಬ್ಬು ತಯಾರಾಗುವ ದಾರಿಯಲ್ಲಿರುವ ಒಂದು ಕಿಣ್ವವನ್ನು ತಡೆಯುತ್ತದೆ. ಮರದರಿಶಿನದಂಥ ಗಿಡಗಳಲ್ಲಿರುವ ಬರ್ಬೆರಿನ್ ಜೀವಕೋಶದೊಳಗೆ ಶಕ್ತಿ ಕಡಿಮೆಯಾಗಿದೆ ಎಂದು ಸಾರುವ ಎಎಂಪಿಕೆ ಎಂಬ ಕಿಣ್ವವನ್ನು ಎಚ್ಚರಿಸುತ್ತದೆ. ಮೆಂತ್ಯದ ಅಂಟಿನಂಥ ನಾರು ಕರುಳಿನಲ್ಲಿ ಸಕ್ಕರೆ ಹೀರಿಕೆಯಾಗುವ ವೇಗವನ್ನು ತಗ್ಗಿಸುತ್ತದೆ.

ಆದರೆ ಕೊಬ್ಬು ಶೇಖರದಿಂದ ಬಿಡುಗಡೆಯಾಗುವುದು ಒಂದು ಕ್ರಿಯೆ, ಅದು ಉರಿದು ಮುಗಿಯುವುದು ಇನ್ನೊಂದು. ಕೊಬ್ಬಿನ ಕೋಶದಿಂದ ಹೊರಬಂದ ಕೊಬ್ಬಿನಾಮ್ಲಗಳಿಗೆ ಆ ಹೊತ್ತಿನಲ್ಲಿ ಸ್ನಾಯುಗಳಿಂದ ಬೇಡಿಕೆ ಇಲ್ಲದಿದ್ದರೆ ಅವು ಮರಳಿ ಕೊಬ್ಬಾಗಿಯೇ ಕೂಡಿಕೊಳ್ಳುತ್ತವೆ. ಡಬ್ಬಿಯ ಮೇಲೆ ‘ಕೊಬ್ಬನ್ನು ಕರಗಿಸುತ್ತದೆ’ ಎಂದು ಬರೆಯುವವರು ಈ ಎರಡನೆಯ ಭಾಗವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಇಲಿಗಳ ತೂಕ ಇಳಿದದ್ದಕ್ಕೆ ಪುರಾವೆ ಇದೆಯಂತೆ. ಹಾಗಾದರೆ ಮನುಷ್ಯರ ತೂಕವೂ ಇಳಿಯಬೇಕಲ್ಲವೇ?

ಇಳಿಯಲೇಬೇಕೆಂದಿಲ್ಲ, ಮತ್ತು ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸುವುದು ಒಳ್ಳೆಯದು, ಏಕೆಂದರೆ ಮಾರಾಟಗಾರರು ತೋರಿಸುವ ‘ವೈಜ್ಞಾನಿಕ ಪುರಾವೆ’ಗಳಲ್ಲಿ ಬಹುಪಾಲು ಇಲಿಗಳ ಮೇಲಿನವೇ ಆಗಿರುತ್ತವೆ. ಸಾಮಾನ್ಯವಾಗಿ ಪ್ರಯೋಗಾಲಯಗಳನ್ನು 22 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡುತ್ತಾರೆ. ಆದರೆ ಪುಟ್ಟ ಇಲಿಗೆ ಹಿತವಾದ ಉಷ್ಣಾಂಶ ಸುಮಾರು 30 ಡಿಗ್ರಿ. ಅಂದರೆ ಪ್ರಯೋಗದ ಇಲಿ ಸದಾ ಚಳಿಯಲ್ಲಿದ್ದು, ಮೈ ಬೆಚ್ಚಗಿಡಲು ಕಂದು ಕೊಬ್ಬು ಎಂಬ, ಶಾಖ ಹುಟ್ಟಿಸುವ ಅಂಗಾಂಶದಲ್ಲಿ ಶಕ್ತಿಯನ್ನು ಉರಿಸುತ್ತಲೇ ಇರುತ್ತದೆ. ಶಾಖೋತ್ಪತ್ತಿಯನ್ನು ಕೆರಳಿಸುವ ಯಾವ ವಸ್ತುವನ್ನು ಕೊಟ್ಟರೂ ಅದರ ಮೇಲೆ ಪರಿಣಾಮ ಎದ್ದು ಕಾಣುತ್ತದೆ. ವಯಸ್ಕ ಮನುಷ್ಯನಲ್ಲಿ ಕಂದು ಕೊಬ್ಬು ಬಹಳ ಕಡಿಮೆ. ಇಲಿಗೆ ಕೊಡುವ ಪ್ರಮಾಣವೂ ದೇಹತೂಕದ ಲೆಕ್ಕದಲ್ಲಿ ನಾವು ನುಂಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ.

ಇನ್ನೊಂದು ತೊಡಕು ಹೀರಿಕೆಯದು. ಅರಿಶಿನದ ಕರ್ಕ್ಯುಮಿನ್, ಬರ್ಬೆರಿನ್‌ಗಳಂಥ ಅಂಶಗಳು ಕರುಳಿನಿಂದ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಅದೂ ಸೇರಿ ಒಂದಿಷ್ಟು ಶಕ್ತಿ ಹೆಚ್ಚಾಗಿ ವ್ಯಯವಾಯಿತೆಂದುಕೊಂಡರೂ ದೇಹ ಹಸಿವನ್ನು ಹೆಚ್ಚಿಸಿ, ಚಲನೆಯನ್ನು ತುಸು ತಗ್ಗಿಸಿ ಆ ಕೊರತೆಯನ್ನು ತುಂಬಿಕೊಳ್ಳಲು ಯತ್ನಿಸುತ್ತದೆ.

ಗಾರ್ಸಿನಿಯಾ ಎಂದರೆ ನಮ್ಮ ಘಟ್ಟದ ಉಪ್ಪಾಗೆಯೇ ಅಲ್ಲವೇ? ಅದನ್ನು ಹಿಂದಿನಿಂದಲೂ ಅಡುಗೆಗೆ ಬಳಸುತ್ತಾರಲ್ಲ?

ಹೌದು, ಅದೇ. ಹಾವೇರಿ ಜಿಲ್ಲೆಯ ಹಾನಗಲ್ಲ ದಾಟಿ ಪಶ್ಚಿಮಕ್ಕೆ ಹೋದರೆ ಸಿಗುವ ಶಿರಸಿ, ಸಿದ್ದಾಪುರದ ಕಾಡುಗಳಲ್ಲಿ ಈ ಮರ ಬೆಳೆಯುತ್ತದೆ. ಒಣಗಿಸಿದ ಸಿಪ್ಪೆಯನ್ನು ಹುಳಿಗಾಗಿ ಬಳಸುತ್ತಾರೆ. ಬೀಜದಿಂದ ತುಪ್ಪದಂಥ ಕೊಬ್ಬನ್ನೂ ತೆಗೆಯುತ್ತಾರೆ. ಸಿಪ್ಪೆಯ ಹುಳಿಗೆ ಕಾರಣವಾದ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಗುರುತಿಸಲಾಯಿತು. ಅದು ಕೊಬ್ಬು ತಯಾರಿಕೆಯ ಕಿಣ್ವವನ್ನು ತಡೆಯುತ್ತದೆಂದು ತಿಳಿದ ಮೇಲೆ, 1990ರ ದಶಕದಲ್ಲಿ ತೂಕ ಇಳಿಸುವ ಗುಳಿಗೆಗಳಿಗಾಗಿ ಹೊರದೇಶಗಳಿಂದ ಬೇಡಿಕೆ ಬಂದು ಉಪ್ಪಾಗೆಯ ಬೆಲೆ ಏರಿತು. ಮಳೆಗಾಲದಲ್ಲಿ ಹಣ್ಣಾಗುವ ಇದರ ಸಿಪ್ಪೆಯನ್ನು ಬಿಸಿಲಿಲ್ಲದೆ ಬೆಂಕಿಯ ಮೇಲೆ ಒಣಗಿಸಬೇಕಾದ್ದರಿಂದ ಕಾಡಿನ ಕಟ್ಟಿಗೆಯೂ ಸಾಕಷ್ಟು ಖರ್ಚಾಯಿತು. ಯಾರದೋ ಸೊಂಟದ ಸುತ್ತಳತೆಗಾಗಿ ಇಲ್ಲಿಯ ಕಾಡು ತೆತ್ತ ಬೆಲೆ ಅದು.

ಫಲ ಏನಾಯಿತು? 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಪ್ರಕಟವಾಯಿತು. ಹೆಚ್ಚು ತೂಕವಿದ್ದ 135 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನೂ ಇನ್ನೊಂದಕ್ಕೆ ಆ ಅಂಶವಿಲ್ಲದ ಹುಸಿ ಗುಳಿಗೆಯನ್ನೂ 12 ವಾರ ಕೊಟ್ಟರು. ಇಬ್ಬರಿಗೂ ಮಿತ ಕ್ಯಾಲೊರಿಯ ಆಹಾರ ಹೇಳಲಾಗಿತ್ತು. ಗಾರ್ಸಿನಿಯಾ ತಿಂದವರು ಸರಾಸರಿ 3.2 ಕಿಲೋ, ಹುಸಿ ಗುಳಿಗೆ ತಿಂದವರು 4.1 ಕಿಲೋ ಇಳಿದರು. ಈ ವ್ಯತ್ಯಾಸವೂ ಸಂಖ್ಯಾಶಾಸ್ತ್ರದ ಪ್ರಕಾರ ಲೆಕ್ಕಕ್ಕೆ ಬರುವಂಥದ್ದಲ್ಲ. ಅಂದರೆ ತೂಕ ಇಳಿಸಿದ್ದು ಆಹಾರದ ಮಿತಿ. 2011ರಲ್ಲಿ ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಗಾರ್ಸಿನಿಯಾದ ಲಾಭ ಒಂದು ಕಿಲೋಗಿಂತಲೂ ಕಡಿಮೆ ಎಂದು ಕಂಡಿತು. ಇದೇ ಸಾರವನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ತೀವ್ರ ಹಾನಿಯಾದ ವರದಿಗಳಿವೆ. ಅಡುಗೆಗೆ ಹಾಕುವ ಎರಡು ಚೂರು ಸಿಪ್ಪೆಗೆ ಈ ಭಯ ಬೇಡ.

ಗ್ರೀನ್ ಟೀ ಕುಡಿಯುವುದಕ್ಕೂ ಅದರ ಗುಳಿಗೆ ನುಂಗುವುದಕ್ಕೂ ವ್ಯತ್ಯಾಸವಿದೆಯೇ?

ದೊಡ್ಡ ವ್ಯತ್ಯಾಸವಿದೆ. ಗ್ರೀನ್ ಟೀಯ ಮುಖ್ಯ ಅಂಶ ಇಜಿಸಿಜಿ ಎಂಬ ಕ್ಯಾಟೆಚಿನ್. ಕೆಫೀನ್ ಜೊತೆಗೂಡಿದಾಗ ಇದು ಶಕ್ತಿವ್ಯಯವನ್ನು ಹೆಚ್ಚಿಸುತ್ತದೆಂದು 1999ರಲ್ಲಿ ಹತ್ತು ಗಂಡಸರ ಮೇಲೆ ನಡೆದ ಒಂದು ಅಧ್ಯಯನ ತೋರಿಸಿತು. ಆ ಹೆಚ್ಚಳ ದಿನಕ್ಕೆ ಸುಮಾರು ಶೇ 4. ಅಲ್ಲಿಂದ ಹಬ್ಬಿದ ಉತ್ಸಾಹಕ್ಕೆ ಹಲವು ಪ್ರಯೋಗಗಳನ್ನು ಕೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ತಣ್ಣೀರೆರಚಿತು: ತೂಕದಲ್ಲಿ ಆಗುವ ಇಳಿಕೆ ಆರೋಗ್ಯದ ದೃಷ್ಟಿಯಿಂದ ಗಣನೆಗೆ ಬಾರದಷ್ಟು ಚಿಕ್ಕದು ಎಂದು ಅದು ಹೇಳಿತು.

ಅಪಾಯದ ವಿಷಯದಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಪರಿಶೀಲನೆ ನಡೆಸಿ, ಪೂರಕಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ ಸೇವಿಸಿದರೆ ಯಕೃತ್ತಿನ ಕಿಣ್ವಗಳು ಏರುತ್ತವೆಂದು ತಿಳಿಸಿತು. ಕುದಿಸಿ ಸೋಸಿ ಕುಡಿಯುವ ಗ್ರೀನ್ ಟೀ ಸಾಮಾನ್ಯವಾಗಿ ಸುರಕ್ಷಿತವೆಂದೂ ಅದೇ ವರದಿ ಹೇಳಿದೆ. ಖಾಲಿ ಹೊಟ್ಟೆಯಲ್ಲಿ ಸಾರದ ಗುಳಿಗೆ ನುಂಗಿದರೆ ಇಜಿಸಿಜಿ ರಕ್ತಕ್ಕೆ ಹೆಚ್ಚು ಸೇರುತ್ತದೆ. ಬೆಳಿಗ್ಗೆ ಉಣಕಲ್ ಕೆರೆಯ ಸುತ್ತ ನಡೆಯಲು ಹೋಗುವ ಮುನ್ನ ಏನೂ ತಿನ್ನದೆ ಎರಡು ಗುಳಿಗೆ ನುಂಗುವ ರೂಢಿ ಇರುವವರು ಇದನ್ನು ಗಮನಿಸಬೇಕು.

ಖಾರ ತಿಂದರೆ ಕೊಬ್ಬು ಕರಗುತ್ತದೆ ಎನ್ನುತ್ತಾರೆ. ನಾವು ಬ್ಯಾಡಗಿ ಮೆಣಸಿನಕಾಯಿಯ ನಾಡಿನವರು; ನಮಗೆ ಬೇರೆ ಗುಳಿಗೆ ಏಕೆ?

ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ಶಾಖವನ್ನು ಗುರುತಿಸುವ ನರಗಳ ಮೇಲಿನ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ತೆರೆಯುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ಪಾಲು ಸಂದಿದೆ. ಗ್ರಾಹಕ ತೆರೆದಾಗ ಮೈ ಬಿಸಿಯಾಗುತ್ತದೆ, ಬೆವರುತ್ತದೆ, ಶಕ್ತಿವ್ಯಯವೂ ಏರುತ್ತದೆ. ಆದರೆ ಆ ಏರಿಕೆ ದಿನಕ್ಕೆ ಹೆಚ್ಚೆಂದರೆ 50 ಕಿಲೋ ಕ್ಯಾಲೊರಿ. ಅಂದರೆ ಚಹಾಕ್ಕೆ ಹಾಕುವ ಎರಡೂವರೆ ಸಣ್ಣ ಚಮಚ ಸಕ್ಕರೆ. ದಿನವೂ ಖಾರ ಉಣ್ಣುವವರ ದೇಹ ಅದಕ್ಕೆ ಒಗ್ಗಿಕೊಳ್ಳುವುದರಿಂದ ನಮ್ಮವರಲ್ಲಿ ಅಷ್ಟೂ ಕಾಣದಿರಬಹುದು.

ಮೇಲಾಗಿ ಬ್ಯಾಡಗಿ ಮೆಣಸಿನಕಾಯಿಯ ಹೆಸರು ಬಣ್ಣಕ್ಕೆ, ಖಾರಕ್ಕಲ್ಲ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಈ ಕಾಯಿಯಲ್ಲಿ ಕ್ಯಾಪ್ಸೈಸಿನ್ ಕಡಿಮೆ, ಕ್ಯಾಪ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯ ಹೆಚ್ಚು. ಆದ್ದರಿಂದಲೇ ಇದರ ಓಲಿಯೋರೆಸಿನ್ ಎಂಬ ಗಟ್ಟಿ ಸಾರ ಆಹಾರದ ಬಣ್ಣಕ್ಕೂ ತುಟಿಬಣ್ಣಕ್ಕೂ ಹೋಗುತ್ತದೆ. ಇನ್ನು ಹುಬ್ಬಳ್ಳಿಯ ಸಾವಜಿ ಊಟದ ಮಾತು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕಿಲೋ ಕ್ಯಾಲೊರಿ ಇರುತ್ತದೆ. ಮೇಲೆ ಎಣ್ಣೆ ತೇಲುವ ರಸವನ್ನು ಉಂಡು, ಬೆವರು ಹರಿದದ್ದರಿಂದ ಕೊಬ್ಬು ಹೋಯಿತೆಂದು ತಿಳಿಯುವುದು ರುಚಿಯ ಸಮರ್ಥನೆಯಾದೀತು, ಲೆಕ್ಕವಾಗದು.

ಅರಿಶಿನದ ಗುಳಿಗೆಯಲ್ಲಿ ಕಾಳುಮೆಣಸಿನ ಸಾರವನ್ನೂ ಸೇರಿಸಿರುತ್ತಾರೆ. ಅದು ಏಕೆ?

ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3ರಷ್ಟು, ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಅಂಶವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟು ನೋಡಿದಾಗ ಹೀರಿಕೆ ಶೇ 2,000ದಷ್ಟು ಹೆಚ್ಚಿತು. ಅಂದಿನಿಂದ ಜಗತ್ತಿನ ಬಹಳಷ್ಟು ಅರಿಶಿನದ ಗುಳಿಗೆಗಳಲ್ಲಿ ಪೈಪರಿನ್ ಬಂದು ಕುಳಿತಿದೆ.

ಪೈಪರಿನ್ ಈ ಕೆಲಸ ಮಾಡುವುದು ಯಕೃತ್ತು ಮತ್ತು ಕರುಳು ಹೊರಗಿನ ವಸ್ತುಗಳನ್ನು ವಿಲೇವಾರಿ ಮಾಡುವ ವ್ಯವಸ್ಥೆಯನ್ನು ತಡೆಯುವ ಮೂಲಕ. ಆ ತಡೆ ಕರ್ಕ್ಯುಮಿನ್‌ಗೆ ಮಾತ್ರ ಸೀಮಿತವಾಗಿ ಉಳಿಯುವುದಿಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಔಷಧಿಗಳ ಪ್ರಮಾಣವೂ ರಕ್ತದಲ್ಲಿ ಏರುತ್ತದೆ. ಶೇ 95ರಷ್ಟು ಕರ್ಕ್ಯುಮಿನ್ ಇರುವ 500 ಮಿಲಿಗ್ರಾಂ ಗುಳಿಗೆಯೊಂದು ಸುಮಾರು 15 ಗ್ರಾಂ ಅರಿಶಿನ ಪುಡಿಗೆ ಸಮ; ಅಷ್ಟನ್ನು ಯಾರೂ ಒಂದು ದಿನದ ಅಡುಗೆಯಲ್ಲಿ ಉಣ್ಣುವುದಿಲ್ಲ. 2019ರಲ್ಲಿ ಇಟಲಿಯಲ್ಲಿ ಇಂಥ ಪೂರಕಗಳನ್ನು ಸೇವಿಸಿದ ಹಲವರಿಗೆ ಯಕೃತ್ತಿನ ಉರಿಯೂತ ಕಾಣಿಸಿಕೊಂಡಿತ್ತು. ತೂಕದ ಮೇಲೆ ಕರ್ಕ್ಯುಮಿನ್‌ನ ಪರಿಣಾಮವೋ, ಹೇಳಿಕೊಳ್ಳುವಷ್ಟಿಲ್ಲ.

ಬರ್ಬೆರಿನ್ ಅನ್ನು ‘ನಿಸರ್ಗದ ಓಜೆಂಪಿಕ್’ ಎನ್ನುತ್ತಾರೆ. ಸರಿಯೇ?

ಸರಿಯಲ್ಲ. ಓಜೆಂಪಿಕ್ ಎಂಬ ಸಕ್ಕರೆ ಕಾಯಿಲೆಯ ಚುಚ್ಚುಮದ್ದಿನಲ್ಲಿರುವ ಸೆಮಾಗ್ಲುಟೈಡ್ ಕರುಳಿನ ಹಾರ್ಮೋನೊಂದನ್ನು ಅನುಕರಿಸಿ ಹಸಿವನ್ನೇ ತಗ್ಗಿಸುತ್ತದೆ. ಬರ್ಬೆರಿನ್ ಹೋಲುವುದು ಸಕ್ಕರೆ ಕಾಯಿಲೆಯ ಗುಳಿಗೆಯಾದ ಮೆಟ್‌ಫಾರ್ಮಿನ್ ಅನ್ನು: ರಕ್ತದ ಸಕ್ಕರೆ ಮತ್ತು ಕೊಬ್ಬಿನಾಂಶವನ್ನು ಒಂದಿಷ್ಟು ಇಳಿಸುತ್ತದೆ, ತೂಕವನ್ನು ಕೆಲವರಲ್ಲಿ ಒಂದೆರಡು ಕಿಲೋ ತಗ್ಗಿಸಬಹುದು. ಈ ಪುಟದಲ್ಲಿ ಹೆಸರಿಸಿದ ಅಂಶಗಳ ಪೈಕಿ ಚಯಾಪಚಯದ ಮೇಲೆ ನಿಜವಾದ ಬಲವಿರುವುದು ಇದಕ್ಕೇ ಎಂಬುದು ನಮ್ಮ ಅಭಿಪ್ರಾಯ, ಮತ್ತು ಅದೇ ಕಾರಣಕ್ಕೆ ಇದನ್ನು ಔಷಧಿಯಂತೆಯೇ ಕಾಣಬೇಕು. ಮೆಟ್‌ಫಾರ್ಮಿನ್‌ನ ಮೂಲವೂ ಯುರೋಪಿನ ಒಂದು ಗಿಡವೇ. ಆದರೆ ಆ ಗಿಡದ ವಿಷಕಾರಿ ಅಂಶವನ್ನು ಬಿಟ್ಟು ಸುರಕ್ಷಿತ ರೂಪವನ್ನು ಹುಡುಕಿ, 1957ರಲ್ಲಿ ರೋಗಿಗಳಿಗೆ ಕೊಟ್ಟು ವರದಿ ಮಾಡಿ, ಆಮೇಲೆ ದಶಕಗಳ ಕಾಲ ಪರೀಕ್ಷಿಸಿದ್ದಾರೆ. ಬರ್ಬೆರಿನ್‌ಗೆ ಅಂಥ ದೀರ್ಘ ಪರೀಕ್ಷೆ ಇನ್ನೂ ನಡೆದಿಲ್ಲ. ಹೊಟ್ಟೆನೋವು, ಭೇದಿ, ಮಲಬದ್ಧತೆ ಇದರ ಸಾಮಾನ್ಯ ತೊಂದರೆಗಳು. ಗರ್ಭಿಣಿಯರು ಮತ್ತು ಎದೆಹಾಲುಣಿಸುವ ತಾಯಂದಿರು ಇದನ್ನು ಮುಟ್ಟಲೇಬಾರದು. ನವಜಾತ ಶಿಶುವಿನ ಕಾಮಾಲೆಯನ್ನು ಇದು ಅಪಾಯಕ್ಕೆ ಒಯ್ಯಬಲ್ಲದು.

ಮೆಂತ್ಯ ಮತ್ತು ಮಧುನಾಶಿನಿ?

ಇವೆರಡೂ ಸಕ್ಕರೆಯ ಕಡೆಯಿಂದ ಕೆಲಸ ಮಾಡುತ್ತವೆ. ಮಧುನಾಶಿನಿಯ ಎಲೆ ಅಗಿದ ಮೇಲೆ ಸ್ವಲ್ಪ ಹೊತ್ತು ನಾಲಗೆಗೆ ಸಿಹಿಯೇ ಗೊತ್ತಾಗುವುದಿಲ್ಲ. ಅಷ್ಟು ಹೊತ್ತು ಪೇಢೆಯ ಆಸೆ ತಗ್ಗುತ್ತದೆ. ನೆನೆಸಿದ ಮೆಂತ್ಯ ಊಟದ ನಂತರದ ಸಕ್ಕರೆಯ ಏರಿಕೆಯನ್ನು ಕಡಿಮೆ ಮಾಡುತ್ತದೆ, ಹೊಟ್ಟೆ ತುಂಬಿದ ಭಾವ ಕೊಡುತ್ತದೆ. ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯದ ತಪ್ಪಲ, ಕಾಳಿನ ಪಲ್ಯ, ಅಗಸಿ ಹಿಂಡಿ ಇರುವ ನಮ್ಮ ಊಟದಲ್ಲಿ ನಾರಿಗೆ ಕೊರತೆಯಿಲ್ಲ. ಅದಕ್ಕೆ ಬೇರೆ ಡಬ್ಬಿ ಬೇಕಾಗಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಈ ಎರಡರ ಸಾರವನ್ನೂ ಜೊತೆಗೆ ನುಂಗಿದರೆ ಸಕ್ಕರೆ ಮಿತಿಮೀರಿ ಇಳಿಯಬಹುದು.

ಹಸಿರು ಕಾಫಿಬೀಜದ ಗುಳಿಗೆಗಳು ಒಂದು ಕಾಲದಲ್ಲಿ ಬಹಳ ಹೆಸರು ಮಾಡಿದ್ದವು. ಅವು ಏನಾದವು?

ಭಾರತದಲ್ಲಿಯೇ 16 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆ ಹೆಸರಿಗೆ ಕಾರಣ. ಅದರ ದತ್ತಾಂಶ ನಂಬತಕ್ಕದ್ದಲ್ಲವೆಂದು ಅಮೆರಿಕದ ವ್ಯಾಪಾರ ಆಯೋಗ ಆಕ್ಷೇಪಿಸಿತು, ಸಾರದ ತಯಾರಕರು 35 ಲಕ್ಷ ಡಾಲರ್ ತೆತ್ತರು, 2014ರಲ್ಲಿ ಪ್ರಬಂಧವನ್ನೇ ಹಿಂಪಡೆಯಲಾಯಿತು. ಗುಳಿಗೆಗಳು ಮಾತ್ರ ಇನ್ನೂ ಮಾರಾಟವಾಗುತ್ತಿವೆ.

ಗಿಡಮೂಲಿಕೆ ಎಂದ ಮೇಲೆ ಅಡ್ಡಪರಿಣಾಮ ಹೇಗೆ ಬರುತ್ತದೆ?

ಎಫೆಡ್ರಾ ಕೂಡ ಗಿಡಮೂಲಿಕೆಯೇ. ಕೊಬ್ಬು ಇಳಿಸುವಲ್ಲಿ ಅದು ಇತರ ಸಸ್ಯಗಳಿಗಿಂತ ಪರಿಣಾಮಕಾರಿಯಾಗಿತ್ತು. ಹೃದಯಾಘಾತ, ಪಾರ್ಶ್ವವಾಯು ಮತ್ತು ಸಾವುಗಳ ವರದಿ ಬಂದ ಮೇಲೆ 2004ರಲ್ಲಿ ಅಮೆರಿಕ ಅದರ ಪೂರಕಗಳನ್ನು ನಿಷೇಧಿಸಿತು. ಮೈಮೇಲೆ ಬಲವಾದ ಪರಿಣಾಮ ಮಾಡಬಲ್ಲದ್ದು ಬಲವಾದ ಹಾನಿಯನ್ನೂ ಮಾಡಬಲ್ಲದು.

ಇದಕ್ಕಿಂತ ಹೆಚ್ಚು ಚಿಂತೆಯ ವಿಷಯ ಕಲಬೆರಕೆ. ಸಿಬುಟ್ರಮೈನ್ ಎಂಬ ಹಸಿವು ತಗ್ಗಿಸುವ ಔಷಧಿಯನ್ನು ಹೃದಯದ ಅಪಾಯದ ಕಾರಣಕ್ಕೆ ಅಮೆರಿಕದಲ್ಲಿ 2010ರಲ್ಲಿ ಹಿಂಪಡೆಯಲಾಯಿತು, ಭಾರತದಲ್ಲಿ 2011ರಲ್ಲಿ ನಿಷೇಧಿಸಲಾಯಿತು. ‘ಶುದ್ಧ ಗಿಡಮೂಲಿಕೆ’ ಎಂದು ಮಾರುವ ತೂಕ ಇಳಿಕೆಯ ಪುಡಿ, ಗುಳಿಗೆಗಳಲ್ಲಿ ಇದೇ ಸಿಬುಟ್ರಮೈನ್ ಬೆರೆತಿರುವುದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಒಂದೇ ವಾರದಲ್ಲಿ ಹಸಿವು ಪೂರಾ ಸತ್ತು, ಬಾಯಿ ಒಣಗಿ, ನಿದ್ದೆ ಕೆಟ್ಟು, ಎದೆ ಡವಗುಟ್ಟತೊಡಗಿದರೆ ಗುಳಿಗೆ ಒಳ್ಳೆಯದಿದೆ ಎಂದು ಹಿಗ್ಗದೆ ತಕ್ಷಣ ನಿಲ್ಲಿಸಬೇಕು. ಕಪ್ಪತಗುಡ್ಡದ ಬೇರಿನ ಪುಡಿ ಎಂದು ಸಂತೆಯಲ್ಲಿ ಚೀಟಿಯಿಲ್ಲದೆ ಕೊಡುವ ಪೊಟ್ಟಣಕ್ಕೂ ಈ ಮಾತು ಅನ್ವಯಿಸುತ್ತದೆ; ಗುಡ್ಡದಲ್ಲಿ ಔಷಧಿ ಸಸ್ಯಗಳಿರುವುದು ನಿಜ, ಪೊಟ್ಟಣದಲ್ಲಿ ಇರುವುದು ಅವೇ ಎಂಬುದಕ್ಕೆ ಆಧಾರ ಬೇಕು.

ಬಿಪಿ, ಥೈರಾಯ್ಡ್ ಅಥವಾ ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು ಏನು ಮಾಡಬೇಕು?

ವೈದ್ಯರಿಗೆ ಡಬ್ಬಿಯನ್ನೇ ಒಯ್ದು ತೋರಿಸಬೇಕು. ಕೆಫೀನ್ ಇರುವ ಸಾರಗಳು ರಕ್ತದೊತ್ತಡ ಏರಿಸುತ್ತವೆ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಮೆಂತ್ಯ, ಅರಿಶಿನಗಳ ಸಾರದಿಂದ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಥೈರಾಯ್ಡ್ ಗುಳಿಗೆಯ ಜೊತೆಗೇ ನಾರಿನ ಪುಡಿ ಸೇವಿಸಿದರೆ ಗುಳಿಗೆ ಸರಿಯಾಗಿ ಹೀರಿಕೆಯಾಗುವುದಿಲ್ಲ; ನಡುವೆ ನಾಲ್ಕು ಗಂಟೆಯಾದರೂ ಅಂತರವಿರಲಿ. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಎರಡು ವಾರ ಮೊದಲೇ ಪೂರಕಗಳನ್ನು ನಿಲ್ಲಿಸುವುದು ವಾಡಿಕೆ. ಯಕೃತ್ತಿನ ತೊಂದರೆ ಇರುವವರು, ಮದ್ಯಪಾನ ಹೆಚ್ಚಿರುವವರು ಮತ್ತು 18 ತುಂಬದವರು ಸಾರದ ಗುಳಿಗೆಗಳ ಗೊಡವೆಗೆ ಹೋಗಬಾರದು.

ಡಬ್ಬಿಯ ಮೇಲೆ ಏನನ್ನು ನೋಡಬೇಕು?

ಆರೋಗ್ಯ ಪೂರಕವಾಗಿ ಮಾರುವ ಡಬ್ಬಿಯ ಮೇಲೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಮತ್ತು ಇದು ಔಷಧಿಯಾಗಿ ಬಳಸಲು ಅಲ್ಲ ಎಂಬ ಸೂಚನೆ ಇರಬೇಕು. ಆಯುರ್ವೇದ ಔಷಧಿಯಾದರೆ ಅದರ ಪರವಾನಗಿಯೇ ಬೇರೆ. ಗಿಡದ ಹೆಸರಷ್ಟೇ ಸಾಲದು. ಯಾವ ಭಾಗದ ಸಾರ, ಅದರಲ್ಲಿ ಮುಖ್ಯ ಅಂಶ ಎಷ್ಟು ಮಿಲಿಗ್ರಾಂ ಎಂದು ಬರೆದಿರಬೇಕು. ‘ವಿಶೇಷ ಮಿಶ್ರಣ’ ಎಂದಷ್ಟೇ ಬರೆದು ಪ್ರಮಾಣ ಬಚ್ಚಿಟ್ಟಿದ್ದರೆ ಅಂಥದ್ದನ್ನು ಕೊಳ್ಳದಿರುವುದೇ ಲೇಸು. ಬೊಜ್ಜನ್ನು ಗುಣಪಡಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ ನಿಷೇಧಿಸುತ್ತದೆ. ಕಾಯ್ದೆಯ ಅನುಸೂಚಿಯಲ್ಲಿ ಬೊಜ್ಜಿನ ಹೆಸರೇ ಇದೆ. ಬಸ್ ನಿಲ್ದಾಣದ ಗೋಡೆಗಳನ್ನು ನೋಡಿದರೆ ಹಾಗೆನ್ನಿಸುವುದಿಲ್ಲ, ಅದು ಬೇರೆ ಮಾತು.

ಜಿಮ್‌ನ ಯಂತ್ರದಲ್ಲಿ ನನ್ನ ಕೊಬ್ಬು ಶೇ 3ರಷ್ಟು ಇಳಿದಿದೆ ಎಂದು ತೋರಿಸಿತು. ಗುಳಿಗೆಯ ಫಲವಲ್ಲವೇ?

ಆ ಯಂತ್ರ ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ ನೀರಿನ ಪ್ರಮಾಣದಿಂದ ಕೊಬ್ಬನ್ನು ಅಂದಾಜು ಮಾಡುತ್ತದೆ. ನೀರು ಕುಡಿಯುವ ಮೊದಲು, ಆಮೇಲೆ, ವ್ಯಾಯಾಮದ ಮೊದಲು, ಆಮೇಲೆ ಅಂಕಿ ಬದಲಾಗುತ್ತದೆ. ತಕ್ಕಡಿಯ ತೂಕವೂ ದಿನದಿಂದ ದಿನಕ್ಕೆ ಒಂದೆರಡು ಕಿಲೋ ಏರಿಳಿಯುತ್ತದೆ. ಅದಕ್ಕಿಂತ ಟೇಪಿನ ಅಳತೆ ನಂಬಬಹುದಾದದ್ದು: ಭಾರತೀಯರಲ್ಲಿ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಬೊಜ್ಜು ಎಂದು ಪರಿಗಣಿಸುತ್ತಾರೆ. ತಿಂಗಳಿಗೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಒಂದೇ ಜಾಗದಲ್ಲಿ ಅಳೆಯಿರಿ.

ಗುಳಿಗೆ ತಿಂದು ತೊಂದರೆಯಾದರೆ ಎಲ್ಲಿ ತಿಳಿಸಬೇಕು?

ಮೂತ್ರ ಕಡುಹಳದಿಯಾಗುವುದು, ಕಣ್ಣು ಹಳದಿಯಾಗುವುದು, ಮೈ ತುರಿಕೆ, ಬಲಪಕ್ಕೆಯ ಕೆಳಗೆ ನೋವು, ವಾಕರಿಕೆ ಕಂಡರೆ ಗುಳಿಗೆ ನಿಲ್ಲಿಸಿ ಅದೇ ದಿನ ವೈದ್ಯರ ಬಳಿ ಹೋಗಿ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಬೇಕು. ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಔಷಧಿಗಳ ಅಡ್ಡಪರಿಣಾಮವನ್ನು ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ಸಾರ್ವಜನಿಕರೂ ತಿಳಿಸಬಹುದು. ಆಹಾರ ಪೂರಕದ ದೂರನ್ನು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಕೊಡಬಹುದು. ಉಳಿದ ಗುಳಿಗೆ, ಬ್ಯಾಚ್ ಸಂಖ್ಯೆ ಇರುವ ಡಬ್ಬಿ ಮತ್ತು ಕೊಂಡ ಬಿಲ್ಲನ್ನು ಎಸೆಯದೆ ಇಟ್ಟುಕೊಳ್ಳಿ. ಪರೀಕ್ಷೆಗೆ ಕಳಿಸಲು ಅವೇ ಬೇಕಾಗುತ್ತವೆ.